ಕಾರ್ಡಿನ ಕಥೆ, ಆಣೆಯ ಅಂದಾಜು: ತಂತ್ರಾಂಶ ತಂಡಗಳ ಯೋಜನಾಕ್ರಮದ ಚರಿತ್ರೆ – ಒಂದು ವೃತ್ತಿಜಾನಪದ ಅಧ್ಯಯನ

ಕರ್ನಾಟಕದ ವೃತ್ತಿಜಾನಪದವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಬೇಸಾಯ, ಕುಂಬಾರಿಕೆ, ನೇಕಾರಿಕೆ, ಕಮ್ಮಾರಿಕೆ, ಕುರಿಗಾರಿಕೆ ಮೊದಲಾದ ಪರಂಪರಾಗತ ಕಸುಬುಗಳ ಸುತ್ತ ನಡೆದಿವೆ. ಆ ಕಸುಬುಗಳ ಪರಿಕರ, ಪರಿಭಾಷೆ, ಆಚರಣೆ, ಹಾಡುಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಈ ನಾಡಿನಲ್ಲಿ ಬೇರೂರಿ ಲಕ್ಷಾಂತರ ಜನರ ಅನ್ನದ ಮಾರ್ಗವಾಗಿರುವ ತಂತ್ರಾಂಶ ವೃತ್ತಿಯ ಕಡೆಗೆ ಜಾನಪದದ ಕಣ್ಣು ಹೊರಳಿದ್ದು ತೀರ ವಿರಳ. ಅದು ಓದುಬರಹ ಬಲ್ಲವರ, ನಗರವಾಸಿಗಳ, ಇಂಗ್ಲಿಷಿನಲ್ಲಿ ವ್ಯವಹರಿಸುವವರ ಕೆಲಸ. ಅಲ್ಲಿ ಜಾನಪದವೆಲ್ಲಿಂದ ಬರಬೇಕು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು.

ಈ ಭಾವನೆಯನ್ನು ಜಾನಪದ ಶಾಸ್ತ್ರವೇ ಎಂದೋ ಕೈಬಿಟ್ಟಿದೆ. ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನು 'ಜನಪದ'ವೆಂದು ಕರೆಯಬಹುದೆಂದು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ವಾದಿಸಿದರು. ಕಾರ್ಲ್ ಪ್ಯಾಗ್ಟರ್ ಅವರೊಡನೆ ಸೇರಿ 1975ರಲ್ಲಿ ಅವರು ಪ್ರಕಟಿಸಿದ ಸಂಗ್ರಹ, ಕಚೇರಿಗಳಲ್ಲಿ ನಕಲು ಯಂತ್ರದ ಮೂಲಕ ಕೈಯಿಂದ ಕೈಗೆ ದಾಟುತ್ತಿದ್ದ ಹಾಳೆಗಳನ್ನೇ ಜಾನಪದ ಸಾಮಗ್ರಿಯಾಗಿ ಪರಿಗಣಿಸಿತು. ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು ಜೂಲಿಯನ್ ಓರ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನ. ಜೆರಾಕ್ಸ್ ಕಂಪನಿಯ ದುರಸ್ತಿಗಾರರು ಕಂಪನಿ ಬರೆದುಕೊಟ್ಟ ಕೈಪಿಡಿಯಿಂದಲ್ಲ, ಊಟದ ವೇಳೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅನುಭವ ಕಥನಗಳಿಂದ ಯಂತ್ರಗಳನ್ನು ಅರಿಯುತ್ತಿದ್ದರೆಂಬುದನ್ನು ಅವರು ತೋರಿಸಿಕೊಟ್ಟರು. ಬರಹ ಮತ್ತು ಮಾತುಗಳ ನಡುವಣ ಈ ಎಳೆದಾಟವೇ ತಂತ್ರಾಂಶ ವೃತ್ತಿಯ ಯೋಜನಾಕ್ರಮದ ಚರಿತ್ರೆಯೂ ಆಗಿದೆ.

ಪ್ರಸ್ತುತ ಲೇಖನದ ವಸ್ತು 'ಅಜೈಲ್' ಎಂದು ವೃತ್ತಿಯವರು ಕರೆಯುವ ಯೋಜನಾಕ್ರಮ. ಅದು ಬೆಂಗಳೂರಿಗೆ ಬಂದ ಬಗೆ. ಬಂದ ಮೇಲೆ ಅದರೊಳಗಿನ ಎರಡು ಘಟಕಗಳು – ಕಥೆ ಮತ್ತು ಅಂದಾಜು – ಪಡೆದ ರೂಪಾಂತರ. ತೌಲನಿಕ ಸಾಮಗ್ರಿಗಾಗಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಕಬ್ಬೂರ ಹಾಗೂ ಅದರ ನೆರೆಯ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಬೇಸಾಯದ ರೂಢಿಗಳನ್ನು ಬಳಸಿಕೊಳ್ಳಲಾಗಿದೆ. ಈ ಸೀಮೆಯ ಮನೆಗಳಿಂದ ಪುಣೆ, ಬೆಂಗಳೂರುಗಳ ತಂತ್ರಾಂಶ ಕಂಪನಿಗಳಿಗೆ ಹೋದವರು ಈಗ ಊರೂರಿಗೂ ಇದ್ದಾರೆ. ಆದುದರಿಂದ ಈ ಎರಡು ಲೋಕಗಳನ್ನು ಒಂದೇ ಪುಟದಲ್ಲಿಡುವುದು ಅಸಹಜವಲ್ಲ. 'ಇದೆಲ್ಲ ನಮ್ಮ ಹಿರಿಯರಲ್ಲಿ ಮೊದಲೇ ಇತ್ತು' ಎಂದು ಸಾಧಿಸುವ ಉದ್ದೇಶ ಮಾತ್ರ ಇಲ್ಲಿಲ್ಲ. ಅಂತಹ ಸಾಧನೆಗಳಿಂದ ಹೆಮ್ಮೆ ಬೆಳೆದೀತು, ತಿಳಿವಳಿಕೆ ಬೆಳೆಯಲಾರದು.

ಬೆಂಗಳೂರಿನ ತಂತ್ರಾಂಶ ವೃತ್ತಿ ತಲೆಯೆತ್ತಿದ್ದು ಬರಹದ ಬಲದಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ತನ್ನ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಕೆಲಸವನ್ನು ಅಮೆರಿಕಕ್ಕೆ ಕಳಿಸತೊಡಗಿತು. 1991ರಲ್ಲಿ ಕೇಂದ್ರ ಸರಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ನೆಲೆಗೊಂಡ ಬಳಿಕ ಸಣ್ಣ ಕಂಪನಿಗಳಿಗೂ ಇಂತಹ ಸಂಪರ್ಕ ಎಟುಕಿತು. ಆದರೆ ಹತ್ತು ಸಾವಿರ ಮೈಲು ಆಚೆಯ ಗಿರಾಕಿ, ಮುಖ ನೋಡದ ಕೆಲಸಗಾರನನ್ನು ನಂಬುವುದಾದರೂ ಹೇಗೆ? ಈ ನಂಬಿಕೆಗೆ ಜಾಮೀನಾಗಿ ನಿಂತದ್ದು ದಾಖಲೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ರೂಪಿಸಿದ ಸಿ.ಎಂ.ಎಂ. ಎಂಬ ಐದು ಮೆಟ್ಟಿಲುಗಳ ಅಳತೆಗೋಲಿನಲ್ಲಿ ಬೆಂಗಳೂರಿನ ಮೊಟೊರೊಲಾ ಕೇಂದ್ರ 1993ರಲ್ಲೇ ಐದನೆಯ ಮೆಟ್ಟಿಲೇರಿತು. ಅದಕ್ಕೂ ಮುಂಚೆ ಆ ಮೆಟ್ಟಿಲು ಮುಟ್ಟಿದ್ದು ಅಮೆರಿಕದ ಬಾಹ್ಯಾಕಾಶ ನೌಕೆಗೆ ತಂತ್ರಾಂಶ ಬರೆಯುತ್ತಿದ್ದ ಐ.ಬಿ.ಎಂ. ತಂಡ. ದಶಕದ ಕೊನೆಯ ಹೊತ್ತಿಗೆ ವಿಪ್ರೊ, ಇನ್ಫೋಸಿಸ್‌ಗಳೂ ಅಲ್ಲಿಗೆ ತಲುಪಿದವು. ಬೆಂಗಳೂರೆಂದರೆ ಅಚ್ಚುಕಟ್ಟಾದ ದಾಖಲೆ ಎಂಬ ಹೆಸರು ನಿಂತಿತು.

ಈ ಕ್ರಮದಲ್ಲಿ ಯೋಜನೆಯೆಂಬುದು ಒಂದೇ ಸಲ, ಮೊದಲಿಗೇ, ಪೂರ್ತಿಯಾಗಿ ಆಗಬೇಕು. ಗಿರಾಕಿಗೆ ಏನು ಬೇಕೆಂಬುದನ್ನು ಬರೆಯುವುದು, ಅದಕ್ಕೆ ಸಹಿ ಪಡೆಯುವುದು, ವಿನ್ಯಾಸ ಮಾಡುವುದು, ಬರೆಯುವುದು, ಪರೀಕ್ಷಿಸುವುದು – ಹೀಗೆ ಒಂದರ ಕೆಳಗೊಂದು ಇಳಿಯುವ ಹಂತಗಳು. ವಿನ್‌ಸ್ಟನ್ ರಾಯ್ಸ್ 1970ರ ತಮ್ಮ ಪ್ರಬಂಧದಲ್ಲಿ ಬಿಡಿಸಿದ ಚಿತ್ರವೇ ಇದರ ಮೂಲವೆಂದು ಪಠ್ಯಪುಸ್ತಕಗಳು ಹೇಳುತ್ತವೆ. 'ಜಲಪಾತ' ಎಂಬ ಹೆಸರು ಆಮೇಲೆ ಬಂದದ್ದು. ಆ ಚಿತ್ರದ ಕೆಳಗೇ ರಾಯ್ಸ್ ಅವರು, ಹೀಗೆ ಮಾಡುವುದು ಅಪಾಯಕಾರಿ, ಸೋಲನ್ನು ಕರೆಯುವಂಥದ್ದು ಎಂಬ ಎಚ್ಚರಿಕೆಯನ್ನೂ ನೀಡಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಕಳಚಿಹೋಯಿತು. ಪಾಠಾಂತರಗಳನ್ನು ಅಭ್ಯಸಿಸುವವರಿಗೆ ಇದು ಹೊಸತೇನಲ್ಲ.

ಬರಹದ ಈ ಆಳ್ವಿಕೆಗೆ ಎದುರು ಬಂದದ್ದು ಒಂದು ಅಂಗೈಯಗಲದ ಕಾರ್ಡು. ಅಮೆರಿಕದ ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳ ಬಟವಾಡೆಯ ತಂತ್ರಾಂಶವನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ 1996ರಲ್ಲಿ ಕೆಂಟ್ ಬೆಕ್ ಬಂದರು. ಬೇಕುಬೇಡಗಳ ದಪ್ಪ ಗ್ರಂಥ ಬರೆಸುವುದನ್ನು ಬಿಟ್ಟು, ಬಳಕೆದಾರನನ್ನೇ ತಂಡದ ನಡುವೆ ಕೂರಿಸಿ, ಅವನು ಹೇಳಿದ ಒಂದೊಂದು ಬೇಕನ್ನು ಒಂದೊಂದು ಕಾರ್ಡಿನ ಮೇಲೆ ಗುರುತಿಸಿಕೊಳ್ಳುವುದು ಅಲ್ಲಿನ ಪದ್ಧತಿಯಾಯಿತು. ಆ ಗುರುತಿಗೆ ಅವರು ಕೊಟ್ಟ ಹೆಸರು 'ಕಥೆ'. ಕಾರ್ಡು ಕಥೆಯಲ್ಲ, ಮುಂದೆ ಆಡಬೇಕಾದ ಮಾತಿನ ನೆನಪಿನ ಗಂಟು ಮಾತ್ರ ಎಂಬುದು ಆ ತಂಡದವರ ಸ್ಪಷ್ಟ ತಿಳಿವಳಿಕೆಯಾಗಿತ್ತು. ಅದೇ ತಂಡದ ರಾನ್ ಜೆಫ್ರೀಸ್ 2001ರಲ್ಲಿ ಇದನ್ನು ಕಾರ್ಡು, ಸಂಭಾಷಣೆ, ಖಚಿತಪಡಿಸುವಿಕೆ ಎಂಬ ಮೂರು ಅಂಗಗಳಾಗಿ ವಿವರಿಸಿದರು. ಮೂರರಲ್ಲಿ ನಡುವಿನದೇ ಮುಖ್ಯ. (ಆ ಸಂಬಳದ ತಂತ್ರಾಂಶವನ್ನು ಕಂಪನಿ 2000ದಲ್ಲಿ ಕೈಬಿಟ್ಟಿತು. ಪದ್ಧತಿಯ ಕೀರ್ತಿಗೆ ಇದರಿಂದ ಕುಂದೇನೂ ಬರಲಿಲ್ಲವೆಂಬುದು ಸೋಜಿಗದ ಸಂಗತಿ.)

ಇದೇ ವೇಳೆಗೆ ಬೇರೆ ಕಡೆಗಳಲ್ಲೂ ಇಂತಹ ಪ್ರಯತ್ನಗಳಿದ್ದವು. ಜಪಾನಿನ ತಕೆಯುಚಿ ಮತ್ತು ನೊನಾಕಾ 1986ರಲ್ಲಿ ಬರೆದ ಲೇಖನವೊಂದರಲ್ಲಿ ರಗ್ಬಿ ಆಟದಿಂದ ಎತ್ತಿಕೊಂಡಿದ್ದ ಹೋಲಿಕೆಯನ್ನು ಆಧರಿಸಿ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ 'ಸ್ಕ್ರಮ್' ಎಂಬ ಕ್ರಮವನ್ನು ಕಟ್ಟಿ 1995ರಲ್ಲಿ ವಿದ್ವತ್ ಸಭೆಯ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಜನ ಸೇರಿ ತಮ್ಮ ಸಮಾನ ನಿಲುವನ್ನು ಒಂದು ಪುಟದಲ್ಲಿ ಘೋಷಿಸಿದರು. 'ಅಜೈಲ್' ಎಂಬ ಹೆಸರು ಅಲ್ಲಿಂದ ರೂಢಿಗೆ ಬಂದಿತು. ವಿಧಿವಿಧಾನಗಳಿಗಿಂತ ಮನುಷ್ಯರ ಒಡನಾಟ, ದಾಖಲೆಗಿಂತ ನಡೆಯುವ ತಂತ್ರಾಂಶ, ಕರಾರಿಗಿಂತ ಗಿರಾಕಿಯ ಸಹಭಾಗ, ಹಾಕಿಕೊಂಡ ಯೋಜನೆಗಿಂತ ಬದಲಾವಣೆಗೆ ಓಗೊಡುವುದು ಮೇಲೆಂಬುದು ಅದರ ಸಾರ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಗ್ರಂಥಸ್ಥ ಪರಂಪರೆಯ ವಿರುದ್ಧ ಮೌಖಿಕ ಪರಂಪರೆಯ ಪಕ್ಷ ವಹಿಸಿದ ಪತ್ರವಿದು. ಮಾತಿನ ಪರವಾದ ಈ ನಿಲುವೂ ಬರಹವಾಗಿಯೇ ಲೋಕಸಂಚಾರ ಮಾಡಬೇಕಾಯಿತು.

ಬೆಂಗಳೂರಿಗೆ ಇದು ಬಂದದ್ದು ಬಹು ಬೇಗ. ಥಾಟ್‌ವರ್ಕ್ಸ್ ಕಂಪನಿ 2001ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ಸ್ನೋಬರ್ಡಿನ ಹದಿನೇಳು ಜನರಲ್ಲೊಬ್ಬರಾದ ಮಾರ್ಟಿನ್ ಫೌಲರ್ ಅದೇ ಕಂಪನಿಯವರಾಗಿದ್ದು, ಬೆಂಗಳೂರು ತಂಡದೊಡನೆ ದೂರದಿಂದ ಕೆಲಸ ಮಾಡಿದ ಅನುಭವವನ್ನು ಕುರಿತು ದೀರ್ಘ ಪ್ರಬಂಧ ಬರೆದರು. ಮಾತನ್ನೇ ನಂಬಿದ ಪದ್ಧತಿಯನ್ನು ಮಾತು ತಲುಪದ ದೂರದಲ್ಲಿ ನಡೆಸುವುದು ಹೇಗೆ ಎಂಬುದೇ ಅದರ ಪ್ರಶ್ನೆ. ಅವರು ಸೂಚಿಸಿದ ಉಪಾಯಗಳಲ್ಲಿ ಒಂದು, ಎರಡೂ ಕಡೆಯಿಂದ ಕೆಲವರನ್ನು ತಿಂಗಳುಗಟ್ಟಲೆ ಆ ಕಡೆಗೆ ಕಳಿಸಿ ಇರಿಸುವುದು. ಅವರನ್ನು ಅವರು ರಾಯಭಾರಿಗಳೆಂದೇ ಕರೆದರು. ಮೇಲಿನವರ ಮಾತಿಗೆ ಎದುರಾಡದೆ, ಪ್ರಶ್ನೆ ಕೇಳದೆ ಒಪ್ಪಿಕೊಳ್ಳುವ ರೂಢಿ ಈ ಪದ್ಧತಿಗೆ ದೊಡ್ಡ ತೊಡಕೆಂಬುದನ್ನೂ ಅವರು ಗಮನಿಸಿದ್ದರು.

ಈ ತೊಡಕನ್ನು ಕಥನ ಸಂದರ್ಭದ ಮೂಲಕ ಇನ್ನಷ್ಟು ಚೆನ್ನಾಗಿ ಅರಿಯಬಹುದು. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವಾಗ ಕೇಳುವವರಲ್ಲೊಬ್ಬನು 'ಹೂಂ' ಎನ್ನುತ್ತಿರಬೇಕು. ಹೂಂಗುಟ್ಟುವವನಿಲ್ಲದಿದ್ದರೆ ಕಥೆ ಮುಂದೆ ಸಾಗದು. ಈ 'ಹೂಂ' ಒಪ್ಪಿಗೆಯಲ್ಲ. 'ಕೇಳುತ್ತಿದ್ದೇನೆ, ಮುಂದೆ ಹೇಳು' ಎಂಬ ಸೂಚನೆ. ದೂರವಾಣಿಯ ಆಚೆ ಬದಿಯ ಅಮೆರಿಕದ ಗಿರಾಕಿಗೆ ಬೆಂಗಳೂರಿನ ಹುಡುಗನ ಇಂತಹ 'ಯೆಸ್' ಒಪ್ಪಿಗೆಯಾಗಿಯೂ, ಒಪ್ಪಿಗೆ ವಾಗ್ದಾನವಾಗಿಯೂ ಕೇಳಿಸಿರುವ ಸಂಭವ ಹೆಚ್ಚು. ಇದನ್ನು ಅಂಜುಬುರುಕತನವೆಂದು ವಿವರಿಸಿದ ವ್ಯವಸ್ಥಾಪನಾ ಸಾಹಿತ್ಯ ಹೇರಳವಾಗಿದೆ. ನನಗೆ ಅದು ಅಂಜಿಕೆಯಷ್ಟೇ ಅಲ್ಲ, ಎರಡು ಶ್ರವಣ ಸಂಪ್ರದಾಯಗಳ ಘರ್ಷಣೆಯಾಗಿಯೂ ಕಾಣುತ್ತದೆ.

ಕ್ರೈಸ್ಲರ್‌ನಲ್ಲಿ ಬಳಕೆದಾರನು ತಂಡದ ನಡುವೆಯೇ ಕುಳಿತಿದ್ದನಷ್ಟೆ. ಬೆಂಗಳೂರಿನಲ್ಲಿ ಅವನ ಸ್ಥಾನಕ್ಕೆ ಬಂದವನು 'ಪ್ರಾಡಕ್ಟ್ ಓನರ್'. ಯಾವ ಕಥೆ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ನಿರ್ಣಯಿಸುವ ಅಧಿಕಾರ ಸ್ಕ್ರಮ್ ಪದ್ಧತಿಯಲ್ಲಿ ಇವನದು. ಅನೇಕ ಸಂದರ್ಭಗಳಲ್ಲಿ ಅವನೂ ಸಮುದ್ರದಾಚೆ ಉಳಿದು, ಅವನ ಪರವಾಗಿ ಇನ್ನೊಬ್ಬ ಇಲ್ಲಿ ಮಾತನಾಡುವ ಏರ್ಪಾಡಾಯಿತು. ಕಥೆ ಎರಡು ಮೂರು ಬಾಯಿ ದಾಟಿ ಬರತೊಡಗಿತು. ಹೇಳುವವನಿಗೂ ಕೇಳುವವನಿಗೂ ನಡುವೆ ಅಂತರ ಬೆಳೆದಂತೆ ಕಥೆಗೆ ಸಿದ್ಧ ಸೂತ್ರದ ಆಸರೆ ಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಕಂಪನಿಯಲ್ಲಿ 2001ರ ಸುಮಾರಿಗೆ ಹುಟ್ಟಿದ ಒಂದು ವಾಕ್ಯರೂಪ – ಇಂಥವನಾಗಿ, ನನಗೆ ಇಂಥದ್ದು ಬೇಕು, ಇಂಥ ಕಾರಣಕ್ಕಾಗಿ – ಎಲ್ಲೆಡೆ ಹಬ್ಬಿತು. ಮೌಖಿಕ ಕಾವ್ಯದಲ್ಲಿ ಸೂತ್ರವಾಕ್ಯ ನೆನಪಿಗೆ ನೆರವಾಗುತ್ತದೆ, ಮುಂದಿನ ಮಾತಿಗೆ ದಾರಿ ಮಾಡುತ್ತದೆ. ಇಲ್ಲಿ ಬಹಳ ಸಲ ಸೂತ್ರ ತುಂಬಿದರೆ ಮಾತು ಮುಗಿಯಿತೆಂದಾಯಿತು. ಸಂಭಾಷಣೆಗೆ ಕರೆಯಾಗಬೇಕಿದ್ದ ಕಾರ್ಡು ಹಳೆಯ ದಾಖಲೆಯ ಚಿಕ್ಕ ಪ್ರತಿಯಾಯಿತು.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿ ಮುಂದೆ ಇಂಗ್ಲಿಷಿಗೆ ತಂದ ಕಥೆಗಳಲ್ಲೊಂದು ಇಲ್ಲಿ ನೆನಪಾಗುತ್ತದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು; ಅವಳು ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಂದು ಒಂದು ಜೋಡು ಪಾದರಕ್ಷೆಯಾಗಿ ಬಾಗಿಲಲ್ಲಿಯೂ ಒಂದು ಅಂಗಿಯಾಗಿ ಗೂಟದಲ್ಲಿಯೂ ಕಾಣಿಸಿಕೊಂಡವು. ಗಂಡ ಬಂದು ಕಂಡು ಅನುಮಾನಪಟ್ಟ, ಜಗಳವಾಯಿತು. ರಾತ್ರಿ ಗುಡಿಯಲ್ಲಿ ಸೇರಿದ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಮರಳಿ ಬಂದು ಕೇಳಿದರೆ ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು. ಗಿರೀಶ ಕಾರ್ನಾಡರ 'ನಾಗಮಂಡಲ'ದ (1988) ಹೊರಚೌಕಟ್ಟು ಇದೇ ಆಶಯದಿಂದ ರೂಪುಗೊಂಡಿದೆ.

ಹೇಳದ ಕಥೆ ಇಲ್ಲವಾಗುವುದಿಲ್ಲ, ಬೇರೊಂದು ವಸ್ತುವಾಗಿ ಬಾಗಿಲಿಗೆ ಬರುತ್ತದೆ ಎಂಬುದು ಈ ಕಥೆಯ ಆಶಯ. ತಂತ್ರಾಂಶ ತಂಡಗಳು ಮುಂದೆ ಮಾಡಬೇಕಾದ ಕಥೆಗಳ ರಾಶಿಯನ್ನು 'ಬ್ಯಾಕ್‌ಲಾಗ್' ಎನ್ನುತ್ತವೆ. ಕನ್ನಡ ಪತ್ರಿಕೆಗಳ ಓದುಗರಿಗೆ ಈ ಪದ ಭರ್ತಿಯಾಗದೆ ಉಳಿದ ಮೀಸಲು ಹುದ್ದೆಗಳ ಸಂದರ್ಭದಲ್ಲಿ ಚಿರಪರಿಚಿತ. ಅಲ್ಲಿಯಂತೆ ಇಲ್ಲಿಯೂ ಅದು ಉಳಿದುಹೋದ ಬಾಕಿಯ ಅರ್ಥವನ್ನೇ ಹೊತ್ತಿದೆ. ನೂರಾರು ಕಥೆಗಳು ಅಲ್ಲಿ ವರ್ಷಗಟ್ಟಲೆ ಹೇಳಿಸಿಕೊಳ್ಳದೆ ಬಿದ್ದಿರುತ್ತವೆ. ಒಂದು ದಿನ ಯಾರೋ ತೆರೆದು ನೋಡಿದಾಗ ಅದನ್ನು ಬರೆಯಿಸಿದವನು ಕಂಪನಿಯಲ್ಲಿರುವುದಿಲ್ಲ, ಇದ್ದರೂ ಏಕೆ ಕೇಳಿದೆನೆಂಬುದು ಅವನಿಗೆ ನೆನಪಿರುವುದಿಲ್ಲ.

ಕಥೆಯ ಮಾತು ಇಷ್ಟು. ಇನ್ನು ಕಾಲದ ವಿಭಾಗ ಮತ್ತು ಅಂದಾಜಿನ ವಿಷಯ. ಸ್ಕ್ರಮ್ ಕ್ರಮದಲ್ಲಿ ಕೆಲಸವನ್ನು 'ಸ್ಪ್ರಿಂಟ್' ಎಂಬ ಚಿಕ್ಕ ಅವಧಿಗಳಾಗಿ ಒಡೆಯುತ್ತಾರೆ. ಒಂದು ತಿಂಗಳನ್ನು ಮೀರಬಾರದೆಂಬುದು ನಿಯಮ, ಎರಡು ವಾರ ಎಂಬುದು ಬಹುಪಾಲು ರೂಢಿ. ಪ್ರತಿ ಅವಧಿಯ ಮೊದಲಿಗೆ ತಂಡ ಕೂತು ಈ ಸಲ ಏನು ಹಿಡಿಯಬಹುದೆಂದು ನಿಶ್ಚಯಿಸುತ್ತದೆ. ಕೊನೆಗೆ ಮಾಡಿದ್ದನ್ನು ತೋರಿಸಿ, ನಡೆದ ಬಗೆಯನ್ನು ತನ್ನೊಳಗೇ ಚರ್ಚಿಸುತ್ತದೆ. ಈ ಎರಡು ವಾರದ ಗಡುವು ನಮ್ಮ ರೈತನಿಗೆ ಅಪರಿಚಿತವಲ್ಲ. ಮಳೆಗಾಲವನ್ನು ನಾವು ಎಣಿಸುವುದು ತಿಂಗಳಿನಿಂದಲ್ಲ, ಮಳೆ ನಕ್ಷತ್ರಗಳಿಂದ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಹದಿಮೂರು ಅಥವಾ ಹದಿನಾಲ್ಕು ದಿನ. ಚಿಕ್ಕೋಡಿ ಸೀಮೆಯಲ್ಲಿ ಜೂನ್ ಮೊದಲ ವಾರದ ಕೊನೆಗೆ ಹೂಡುವ ಮೃಗಶಿರಕ್ಕೆ ಮರಾಠಿಯ ನೆರೆಯಿಂದಾಗಿ 'ಮಿರಗ' ಎಂಬ ಹೆಸರಿದೆ. ಮಿರಗ, ಆರಿದ್ರಾ, ಪುನರ್ವಸು ಎಂದು ಮುಂಗಾರಿಯ ಕೆಲಸಗಳೂ, ಉತ್ತರಿ, ಹಸ್ತ, ಚಿತ್ತಿ ಎಂದು ಹಿಂಗಾರಿ ಬಿಳಿಜೋಳದ ಬಿತ್ತಿಗೆಯೂ ಈ ಎಣಿಕೆಯಲ್ಲೇ ನಡೆಯುತ್ತವೆ. ಒಂದು ಮಳೆ ಕೈಕೊಟ್ಟರೆ ಮುಂದಿನ ಮಳೆಗೆ ಬೆಳೆಯನ್ನೇ ಬದಲಿಸುವುದುಂಟು.

ಹೋಲಿಕೆ ಇಲ್ಲಿಗೆ ಸರಿ. ಭೇದವನ್ನೂ ಗಮನಿಸಬೇಕು. ನಕ್ಷತ್ರ ಅವಧಿಯನ್ನು ಸೂಚಿಸುತ್ತದೆಯೇ ಹೊರತು ಕೆಲಸವನ್ನು ಆರಂಭಿಸುವುದಿಲ್ಲ. ಆರಂಭಿಸುವುದು 'ಹದ'. ಮಳೆಯಾದ ಮೇಲೆ ಮಣ್ಣು ಅತಿ ಹಸಿಯೂ ಇಲ್ಲದೆ ಒಣಗಿಯೂ ಹೋಗದೆ ಕೂರಿಗೆಗೆ ಒದಗುವ ಸ್ಥಿತಿಯದು. ಒಂದೇ ಊರಿನಲ್ಲಿ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಹದ ಒಂದೇ ದಿನ ಬರುವುದಿಲ್ಲ. ಮುಯ್ಯಿ ಪದ್ಧತಿಯಲ್ಲಿ ಯಾರ ಹೊಲಕ್ಕೆ ಮೊದಲು ಎಂಬುದನ್ನು ನಿರ್ಣಯಿಸುವುದು ಯಜಮಾನನ ಹಿರಿತನಕ್ಕಿಂತ ಹೆಚ್ಚಾಗಿ ಈ ಹದ. ಮುಯ್ಯಿಯ ಲೆಕ್ಕ ಬರಹದಲ್ಲಿರುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ: ಆಳಿಗೆ ಆಳು, ದಿನಕ್ಕೆ ದಿನ. ಹಾಗೆಂದು ಈ ಲೆಕ್ಕವನ್ನು ತಂತ್ರಾಂಶಕ್ಕೆ ಹೊಂದಿಸಲಾಗದು. ಫ್ರೆಡರಿಕ್ ಬ್ರೂಕ್ಸ್ 1975ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆಳನ್ನೂ ತಿಂಗಳನ್ನೂ ಅದಲು ಬದಲು ಮಾಡಬಹುದೆಂಬುದು ಭ್ರಮೆ ಎಂದು ವಾದಿಸುವಾಗ, ಹಾಗೆ ಮಾಡಬಹುದಾದ ಕೆಲಸಗಳಿಗೆ ಅವರು ಕೊಟ್ಟ ನಿದರ್ಶನ ಗೋದಿ ಕೊಯ್ಲು ಮತ್ತು ಹತ್ತಿ ಬಿಡಿಸುವುದು! ಹೊಲದ ಕೆಲಸ ಹಂಚಿದಷ್ಟೂ ಹಗುರವಾಗುತ್ತದೆ. ತಂತ್ರಾಂಶದಲ್ಲಿ ಕೈಗಳು ಹೆಚ್ಚಿದಷ್ಟೂ ಒಬ್ಬರಿಗೊಬ್ಬರು ತಿಳಿಸಿ ಹೇಳುವ ಹೊರೆ ಹೆಚ್ಚುತ್ತದೆ.

ಆಳು-ದಿನದ ಲೆಕ್ಕ ಹೊಂದದೆಂದ ಮೇಲೆ ಅಂದಾಜು ಹೇಗೆ? ಕ್ರೈಸ್ಲರ್ ತಂಡ ಮೊದಲು ಎಣಿಸಿದ್ದು 'ಆದರ್ಶ ದಿನ'ಗಳಲ್ಲಿ. ಯಾವ ಅಡಚಣೆಯೂ ಇಲ್ಲದಿದ್ದರೆ ಹಿಡಿಯುವ ದಿನಗಳು. ನಿಜವಾದ ದಿನಗಳು ಅದರ ಸುಮಾರು ಮೂರರಷ್ಟಾಗುತ್ತಿದ್ದವು. ಒಂದು ದಿನದ ಕೆಲಸಕ್ಕೆ ಮೂರು ದಿನವೇಕೆ ಎಂದು ಮೇಲಿನವರು ಕೇಳತೊಡಗಿದಾಗ 'ದಿನ' ಎಂಬ ಪದವನ್ನೇ ಕೈಬಿಟ್ಟು 'ಪಾಯಿಂಟ್' ಎಂದರು. ಹೀಗೆ ಹುಟ್ಟಿದ ಸ್ಟೋರಿ ಪಾಯಿಂಟ್ ಕಾಲದ ಅಳತೆಯಲ್ಲ, ತುಲನೆಯ ಅಳತೆ: ಈ ಕೆಲಸ ಆ ಕೆಲಸಕ್ಕಿಂತ ಎಷ್ಟು ಭಾರ ಎಂಬುದು. ಅದನ್ನು ಹೇಳಲು ಜೇಮ್ಸ್ ಗ್ರೆನಿಂಗ್ 2002ರಲ್ಲಿ ಇಸ್ಪೀಟಿನಂತಹ ಒಂದು ಆಟ ರೂಪಿಸಿದರು. ಪ್ರತಿಯೊಬ್ಬರೂ ಒಂದು ಎಲೆ ಆರಿಸಿ ಎಲ್ಲರೂ ಒಮ್ಮೆಲೇ ತೆರೆಯುತ್ತಾರೆ. ಹಿರಿಯನ ಸಂಖ್ಯೆ ನೋಡಿ ಕಿರಿಯನು ತನ್ನದನ್ನು ತಿದ್ದಿಕೊಳ್ಳಲು ಎಡೆಯಿರುವುದಿಲ್ಲ. ಸಂಖ್ಯೆಗಳಲ್ಲಿ ದೊಡ್ಡ ಅಂತರವಿದ್ದರೆ ಇಬ್ಬರೂ ಕಾರಣ ಹೇಳಬೇಕು. ಆ ಮಾತಿಗಾಗಿಯೇ ಆಟ. ಎಲೆಗಳ ಮೇಲೆ ರೂಢಿಗೆ ಬಂದ ಅಂಕಗಳು 1, 2, 3, 5, 8, 13. ಫಿಬೊನಾಚಿಯ ಹೆಸರಿನ ಈ ಶ್ರೇಣಿ ಲಘು-ಗುರುಗಳಿಂದ ಮಾತ್ರೆಗಳನ್ನು ತುಂಬುವ ಬಗೆಗಳನ್ನು ಎಣಿಸುವಾಗ ವಿರಹಾಂಕ, ಹೇಮಚಂದ್ರರ ಛಂದೋಗ್ರಂಥಗಳಲ್ಲಿ ಅವನಿಗೂ ಮೊದಲೇ ದೊರೆಯುತ್ತದೆಂಬುದನ್ನು ಛಂದಸ್ಸಿನ ಅಭ್ಯಾಸಿಗಳು ಬಲ್ಲರು. ಇಲ್ಲಿ ಅದು ಪ್ರಾಸಂಗಿಕ ಮಾತ್ರ.

ತುಲನೆಯ ಅಳತೆ ನಮ್ಮಲ್ಲಿ ಇದ್ದದ್ದು ಆಣೆಯ ರೂಪದಲ್ಲಿ. ಹದಿನಾರಾಣೆಯನ್ನು ಪೂರ್ಣ ಬೆಳೆಯೆಂದಿಟ್ಟುಕೊಂಡು 'ಈ ವರ್ಷ ಎಂಟಾಣೆ ಬೆಳೆ', 'ಹನ್ನೆರಡಾಣೆಗೆ ಮೋಸವಿಲ್ಲ' ಎಂದು ಬದುವಿನ ಮೇಲೆ ನಿಂತು ಕಣ್ಣಳತೆಯಿಂದ ಹೇಳುವ ರೂಢಿಯದು. ಎಷ್ಟು ಚೀಲ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆ ಹೊಲಕ್ಕೆ, ಆ ಮಣ್ಣಿಗೆ, ಪೂರ್ಣವೆನ್ನುವುದು ಎಷ್ಟೋ ಅದರ ಪಾಲು. ಆದುದರಿಂದ ಎರೆ ಹೊಲದ ಎಂಟಾಣೆಯನ್ನೂ ಮಸಾರಿಯ ಎಂಟಾಣೆಯನ್ನೂ ಎದುರುಬದುರಿಟ್ಟು ತೂಗುವುದು ಅರ್ಥವಿಲ್ಲದ ಕೆಲಸ. ಒಂದು ತಂಡದ ಪಾಯಿಂಟನ್ನು ಇನ್ನೊಂದರದಕ್ಕೆ ಹೋಲಿಸಬಾರದೆಂದು ಅಜೈಲ್ ಗ್ರಂಥಗಳು ಹೇಳುವುದು 
ಇದೇ ಕಾರಣಕ್ಕೆ.

ಈ ಆಣೆಗೆ ಇನ್ನೊಂದು ಬಾಳೂ ಇತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಚಿಕ್ಕೋಡಿ ಸೀಮೆಯನ್ನೊಳಗೊಂಡ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಕಂದಾಯ ವ್ಯವಸ್ಥೆ ಜನರ ಈ ಮಾತಿನ ಅಳತೆಯನ್ನು 'ಆಣೇವಾರಿ' ಎಂಬ ಸರಕಾರಿ ಕ್ರಮವಾಗಿಸಿತು. ಬೆಳೆ ನಾಲ್ಕಾಣೆ ಅಥವಾ ಅದಕ್ಕೂ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿಯನ್ನು ತಡೆಹಿಡಿಯಬೇಕೆಂಬುದು ನಿಯಮ. ಈಗ ಅಂದಾಜು ಹೇಳುವವನ ಎದುರಿಗೆ ಹೊಲವಿರಲಿಲ್ಲ, ಕಂದಾಯವಿತ್ತು. 1918ರಲ್ಲಿ ಅದೇ ಪ್ರಾಂತದ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇದು ಸತ್ಯಾಗ್ರಹಕ್ಕೆ ಕಾರಣವಾಯಿತು. ಬೆಳೆ ನಾಲ್ಕಾಣೆಗಿಂತ ಕಡಿಮೆಯೆಂದು ರೈತರು, ಹೆಚ್ಚೆಂದು ಅಧಿಕಾರಿಗಳು. ಪಂಚರನ್ನು ನೇಮಿಸಿ ಪರಿಶೀಲಿಸಬೇಕೆಂಬ ಬೇಡಿಕೆಯನ್ನು ಸರಕಾರ ಒಪ್ಪಲಿಲ್ಲವೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಇಲ್ಲಿ ವಿವಾದವಿದ್ದದ್ದು ಅಂಕಗಣಿತದ ಬಗ್ಗೆ ಅಲ್ಲ, ಅಂದಾಜು ಹೇಳುವ ಅಧಿಕಾರ ಯಾರದೆಂಬುದರ ಬಗ್ಗೆ.

ಸ್ಟೋರಿ ಪಾಯಿಂಟಿನ ಇತ್ತೀಚಿನ ಚರಿತ್ರೆಯನ್ನು ನಾನು ಓದುವುದು ಈ ಹಿನ್ನೆಲೆಯಲ್ಲಿ. ಒಂದು ಸ್ಪ್ರಿಂಟಿನಲ್ಲಿ ತಂಡ ಮುಗಿಸಿದ ಪಾಯಿಂಟುಗಳ ಮೊತ್ತಕ್ಕೆ 'ವೇಗ' ಎಂಬ ಹೆಸರು. ಮುಂದಿನ ಸಲ ಎಷ್ಟು ಹಿಡಿಯಬಹುದೆಂದು ತಂಡ ತನಗೆ ತಾನೇ ತಿಳಿಯಲು ಇಟ್ಟುಕೊಂಡ ಲೆಕ್ಕವಿದು. ಅದು ತಂಡದ ಗೋಡೆಯಿಂದ ವ್ಯವಸ್ಥಾಪಕರ ಪಟ್ಟಿಗೆ ದಾಟಿದೊಡನೆ ತಂಡತಂಡಗಳ ಹೋಲಿಕೆ, ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚಿರಬೇಕೆಂಬ ನಿರೀಕ್ಷೆ, ಅದರ ಬೆನ್ನಿಗೆ ಮೂರರ ಕೆಲಸವನ್ನು ಐದೆಂದು ಹೇಳುವ ಜಾಣತನ ಎಲ್ಲವೂ ಸೇರಿಕೊಂಡವು. ಪಾಯಿಂಟನ್ನು ತಾನೇ ಹುಟ್ಟುಹಾಕಿರಬಹುದೆಂದೂ, ಹಾಗಿದ್ದರೆ ಅದಕ್ಕೀಗ ವಿಷಾದಪಡುತ್ತೇನೆಂದೂ ರಾನ್ ಜೆಫ್ರೀಸ್ 2019ರಲ್ಲಿ ಬರೆದರು. ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿ ತಾನೂ 2011ರಲ್ಲಿ ಒಂದು ಪದ ತಿದ್ದಿತು: ಸ್ಪ್ರಿಂಟಿಗೆ ತಂಡ ಒಪ್ಪಿಕೊಳ್ಳುವುದು ಇನ್ನು ಮೇಲೆ ವಾಗ್ದಾನವಲ್ಲ, ಮುನ್ನಂದಾಜು. ಪದ ಬದಲಾಯಿತು, ವಾಗ್ದಾನವೆಂದೇ ವಸೂಲು ಮಾಡುವ ರೂಢಿ ಅಷ್ಟು ಸುಲಭವಾಗಿ ಬದಲಾಗಲಿಲ್ಲ.

ಅಂದಾಜನ್ನೇ ಕೈಬಿಟ್ಟ ಒಂದು ಪ್ರಸಂಗ ನಮ್ಮ ನೆರೆಯ ಹೈದರಾಬಾದಿನದು. ಮೈಕ್ರೊಸಾಫ್ಟ್ ಕಂಪನಿಯ ಒಳಬಳಕೆಯ ತಂತ್ರಾಂಶಗಳನ್ನು ದುರಸ್ತಿ ಮಾಡುತ್ತಿದ್ದ ಅಲ್ಲಿನ ತಂಡ ಕಾಗದದ ಮೇಲೆ ಐದನೆಯ ಮೆಟ್ಟಿಲಿನದೇ. ಆದರೂ ಕೇಳಿದ ಕೆಲಸ ತಿಂಗಳುಗಟ್ಟಲೆ ಆಗುತ್ತಿರಲಿಲ್ಲ. 2004ರ ಸುಮಾರಿಗೆ ಡೇವಿಡ್ ಆಂಡರ್ಸನ್ ಅವರ ನೆರವಿನಿಂದ ಪರಿಶೀಲಿಸಿದಾಗ, ಬಂದ ಪ್ರತಿಯೊಂದು ಕೋರಿಕೆಗೂ ಅಂದಾಜು ಬರೆದುಕೊಡುವುದರಲ್ಲೇ ತಂಡದ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಸವೆಯುತ್ತಿದ್ದುದು ಕಂಡುಬಂದಿತು. ಅಂದಾಜು ನಿಲ್ಲಿಸಿ, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿ, ಒಂದು ಮುಗಿದ ಮೇಲಷ್ಟೇ ಇನ್ನೊಂದನ್ನು ಒಳಗೆ ಎಳೆದುಕೊಳ್ಳುವ ಏರ್ಪಾಡು ಮಾಡಿದರು. ತಂಡ ಬೇಗನೆ ಚೇತರಿಸಿಕೊಂಡಿತು. ತಂತ್ರಾಂಶ ಲೋಕದಲ್ಲಿ 'ಕಾನ್‌ಬಾನ್' ಎಂದು ಹೆಸರಾದ ಕ್ರಮ ಇಲ್ಲಿಂದ ಬೆಳೆಯಿತು. ಹೆಸರು ಮಾತ್ರ ಜಪಾನಿನ ಟೊಯೊಟಾ ಕಾರ್ಖಾನೆಯದು.

ಕಬ್ಬೂರ ಸೀಮೆಯವರಿಗೆ ಈ ಎಳೆದುಕೊಳ್ಳುವ ಕ್ರಮವನ್ನು ವಿವರಿಸುವುದು ಕಷ್ಟವಲ್ಲ. ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಷ್ಟೂ ಒಣಗಿ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದುದರಿಂದ 1939ರಲ್ಲಿ ಸ್ಥಾಪನೆಯಾದ ಉಗಾರ ಕಾರ್ಖಾನೆಯಿರಲಿ, ಆಮೇಲಿನ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆಯಿರಲಿ, ನುರಿಸುವ ಶಕ್ತಿಯಿದ್ದಷ್ಟೇ ಕಟಾವಿಗೆ ಅನುಮತಿ ಕೊಡಬೇಕು. ನಾಟಿಯ ನೋಂದಣಿಯ ಪ್ರಕಾರ ಸರದಿ ಬಂದ ಮೇಲೆ ಗ್ಯಾಂಗು ಹೊಲಕ್ಕಿಳಿಯುತ್ತದೆ. ಸರದಿ ತಪ್ಪಿಸಿ ಮುಂದೆ ಬರಲು ನಡೆಯುವ ಪ್ರಭಾವ, ವಶೀಲಿಗಳೂ ಎಲ್ಲರಿಗೂ ತಿಳಿದವೇ. 'ಯಾವುದು ಮೊದಲು' ಎಂಬ ಪ್ರಶ್ನೆಯನ್ನು ಪ್ರಾಡಕ್ಟ್ ಓನರನ ಶುದ್ಧ ವಿವೇಚನೆಯೆಂಬಂತೆ ಚಿತ್ರಿಸುವ ಪಠ್ಯಪುಸ್ತಕಗಳಲ್ಲಿ ಈ ಅನುಭವ ಕಾಣೆಯಾಗಿದೆ. ಗದ್ದೆಯಲ್ಲಿ ಸರದಿ ತಡವಾದಷ್ಟೂ ಗ್ಯಾಂಗಿನ ಕೂಲಿಕಾರರ ಕಾಯುವಿಕೆಗೆ ಬೆಲೆ ಕಟ್ಟುವವರಿಲ್ಲ. ಅತ್ತ ತಂತ್ರಾಂಶ ತಂಡದಲ್ಲಿಯೂ ಆದ್ಯತೆ ಮೂರು ಸಲ ಬದಲಾದ ರಾತ್ರಿಯ ದುಡಿಮೆ ಯಾವ ಪಾಯಿಂಟಿಗೂ ಸೇರುವುದಿಲ್ಲ.

ಕೊನೆಯದಾಗಿ ಸಾಮಗ್ರಿ ಸಂಗ್ರಹದ ಬಗ್ಗೆ ಒಂದು ಮಾತು. ಮೊದಲ ದಶಕದ ಕಾರ್ಡುಗಳು, ಗೋಡೆಗೆ ಅಂಟಿಸಿದ ಬಣ್ಣದ ಚೀಟಿಗಳು ಕೆಲಸ ಮುಗಿದೊಡನೆ ಕಸದ ಬುಟ್ಟಿ ಸೇರಿವೆ. ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಹೊರತಂದ ಜಿರಾದಂತಹ ತಂತ್ರಾಂಶಗಳು ಗೋಡೆಯ ಜಾಗ ಹಿಡಿದವು. 2020ರ ಮಾರ್ಚಿನ ಲಾಕ್‌ಡೌನ್ ಬಳಿಕ ದಿನವೂ ನಿಂತುಕೊಂಡು ನಡೆಸುತ್ತಿದ್ದ ಹದಿನೈದು ನಿಮಿಷದ ಸಭೆಯೂ ಪರದೆಗೆ ಹೋಯಿತು. ಹೆಸರು ಇಂದಿಗೂ 'ಸ್ಟ್ಯಾಂಡಪ್' ಎಂದೇ ಇದೆ, ನಿಲ್ಲುವವರಿಲ್ಲ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿಯೇನು ಎಂಬ ಮೂರು ಪ್ರಶ್ನೆಗಳನ್ನು ಅದೇ ವರ್ಷ ಕೈಪಿಡಿ ತೆಗೆದುಹಾಕಿತು. ತಂಡಗಳು ಅವನ್ನೇ ಕೇಳುತ್ತಿವೆ. ಈಗ ನಮಗೆ ಉಳಿಯುತ್ತಿರುವುದು ಅಂಕಗಳು, ದಿನಾಂಕಗಳು, ಇಂಗ್ಲಿಷಿನ ಸೂತ್ರವಾಕ್ಯಗಳು. ಸಭೆ ಮುಗಿದ ಮೇಲೆ ಚಹದ ಹೊತ್ತಿನಲ್ಲಿ ಚಿಕ್ಕೋಡಿಯವನೊಬ್ಬ ಮೈಸೂರಿನವಳಿಗೆ ಆ ಕೆಲಸದ ನಿಜವಾದ ತೊಡಕನ್ನು ಕನ್ನಡದಲ್ಲಿ ವಿವರಿಸಿದ ಮಾತು ಯಾವ ಕಡತದಲ್ಲಿಯೂ ಇಲ್ಲ. 1985ರ ಸುಮಾರಿಗೆ ಕೆಲಸಕ್ಕೆ ಸೇರಿದ ಮೊದಲ ತಲೆಮಾರಿನವರು ಈಗ ನಿವೃತ್ತರು. ಅವರ ಮನೆಗಳಿಗೆ ಧ್ವನಿಮುದ್ರಣ ಯಂತ್ರದೊಡನೆ ಹೋಗುವ ಕೆಲಸ ಇನ್ನೂ ಆರಂಭವಾಗಬೇಕಾಗಿದೆ.